ಒತ್ತಿ ನೋಡದ ಬೀಜಗಳು

ಬೀಜ ಪರೀಕ್ಷಿಸುವ ಕಚೇರಿಯಲ್ಲಿ ಎಣಿಸುವ ಕೆಲಸಕ್ಕೆ ನಾನು ಸೇರಿ ಇಪ್ಪತ್ತಮೂರು ವರ್ಷ. ಬೀಜ ಮಾರುವವರು ಚೀಲದಿಂದ ಒಂದು ಹಿಡಿ ತೆಗೆದು ಮಾದರಿ ಅಂತ ನಮಗೆ ಕಳಿಸುತ್ತಾರೆ. ಅದರಲ್ಲಿ ನೂರು ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಕಾಗದವನ್ನು ಸುರುಳಿ ಸುತ್ತಿ ಬೆಚ್ಚಗಿನ ಪೆಟ್ಟಿಗೆಯೊಳಗೆ ನಿಲ್ಲಿಸುತ್ತೇವೆ. ಸಣ್ಣ ಬೀಜವಾದರೆ ಗಾಜಿನ ತಟ್ಟೆ. ಗೊತ್ತಾದ ದಿನ, ಹೆಚ್ಚಿನವಕ್ಕೆ ಅದು ಹತ್ತನೆಯ ದಿನ, ತೆಗೆದು ಒಂದೊಂದನ್ನೂ ನೋಡಿ ಕಾರ್ಡಿನಲ್ಲಿ ಬರೆಯುತ್ತೇವೆ. ಕಾರ್ಡಿನಲ್ಲಿ ನಾಲ್ಕು ಕಾಲಂ: ಒಳ್ಳೆಯ ಮೊಳಕೆ, ಊನವಾದ ಮೊಳಕೆ, ಗಟ್ಟಿ ಬೀಜ, ಸತ್ತ ಬೀಜ. ಮೊದಲ ಎರಡಕ್ಕೆ ಕಣ್ಣು ಸಾಕು, ಕೊನೆಯ ಎರಡಕ್ಕೆ ಚಿಮಟ ಬೇಕು. ಮೊಳೆಯದೆ ಕೂತ ಬೀಜವನ್ನು ಚಿಮಟದಿಂದ ಒತ್ತಿ ನೋಡಬೇಕು. ಸತ್ತಿದ್ದರೆ ಮೆತ್ತಗೆ ಹಿಸುಕಿಹೋಗುತ್ತದೆ. ಗಟ್ಟಿಯಾಗಿದ್ದರೆ ಜಾರಿ ಮೇಜಿನ ಆಚೆ ಹಾರುತ್ತದೆ. ಅದರ ಸಿಪ್ಪೆ ನೀರನ್ನು ಒಳಗೆ ಬಿಟ್ಟಿರುವುದೇ ಇಲ್ಲ. ಜೀವ ಇದೆ, ಆದರೆ ಹೊರಗೆ ನೀರಿದೆ ಅನ್ನುವುದು ಅದಕ್ಕೆ ಗೊತ್ತಾಗಿಲ್ಲ.

ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಈ ಕೆಲಸ ನನಗೆ ಚೆನ್ನಾಗಿ ಒಗ್ಗಿತು. ನಮ್ಮಲ್ಲಿ ತೂಕ ನೋಡುವವರು ಒಬ್ಬರಿದ್ದಾರೆ, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವರು, ಎಲ್ಲರೂ ತಕ್ಕಡಿ ಅಣ್ಣ ಅಂತ ಕರೆಯುತ್ತಾರೆ. ಅವರು ನನ್ನನ್ನು ರೇಗಿಸುವುದು ಹೀಗೆ: "ಇವಳನ್ನ ಹೇಗಿದ್ದೀಯಮ್ಮ ಅಂತ ಕೇಳಬೇಡಿ. ತಡೀರಿ, ಹತ್ತನೇ ದಿನ ನೋಡಿ ಹೇಳ್ತೀನಿ ಅಂತಾಳೆ."

ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಚರ್ಚಿನಲ್ಲೂ ನಾನು ಹಾಗೇ ಇದ್ದೆ. ಚರ್ಚಿಗೆ ಹೋಗುವ ಮನೆಯಲ್ಲಿ ಹುಟ್ಟಿ, ಚರ್ಚಿಗೆ ಹೋಗುವ ಮನೆಗೇ ಸೇರಿದವಳು ನಾನು. ನಮ್ಮವರು ಅಲ್ಲಿ ಪ್ರಾರ್ಥನೆ ನಡೆಸುವವರಲ್ಲಿ ಒಬ್ಬರು. ಅವರು ಒಮ್ಮೆ ಬಾಯಿ ತೆಗೆದರೆ ನಿಲ್ಲಿಸಲು ಯಾರಾದರೂ ಕೆಮ್ಮಬೇಕು. ಅವರ ಪಕ್ಕದಲ್ಲಿ ನಾನು ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದೆ. ದೇವರ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಮಗು ತೀರಿಹೋಗಿರಲಿಲ್ಲ, ಮನೆ ಸುಟ್ಟಿರಲಿಲ್ಲ. ಮೂವತ್ತರ ಹೊತ್ತಿಗೆ ಒಂದು ಭಾನುವಾರ ಹಾಡುತ್ತಿದ್ದಾಗ ಮಾತು ಬಾಯಿಂದ ಹೊರಡುತ್ತಿದೆ, ಒಳಗೆ ಏನೂ ಅಲುಗಾಡುತ್ತಿಲ್ಲ ಅನ್ನುವುದು ಗಮನಕ್ಕೆ ಬಂತು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದ್ದೂ. ಆಮೇಲೆ ನೋಡುವುದನ್ನೇ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಹಾಡಿನ ಪುಸ್ತಕ ಹಿಡಿದು ನಿಲ್ಲುತ್ತಿದ್ದೆ, ಬಾಯಿ ಅಲುಗಿಸುತ್ತಿದ್ದೆ, ಮನೆಗೆ ಬಂದು ಅಡುಗೆ ಮಾಡುತ್ತಿದ್ದೆ. ಇದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಅತ್ತೆಯ ಹೃದಯದ ಕವಾಟ ಕಿರಿದಾಗಿದೆ, ಬದಲಾಯಿಸಬೇಕು ಅಂದರು ಡಾಕ್ಟರು. ವಯಸ್ಸು ಎಪ್ಪತ್ತಾರು. ಮಾಡಿಸಿದರೂ ಅಪಾಯ, ಬಿಟ್ಟರೂ ಅಪಾಯ. ಮಾಡಿಸಿಬಿಡೋಣ ಅಂದವರು ಅತ್ತೆಯೇ. ಮೂರು ವಾರದ ಮುಂದಿನ ಮಂಗಳವಾರ ಅಂತ ದಿನ ಗೊತ್ತಾಯಿತು. ಆಸ್ಪತ್ರೆಯಿಂದ ಬಂದ ಸಂಜೆ ಅಡುಗೆಮನೆಯ ಮೇಜಿನ ಮುಂದೆ ನಾವಿಬ್ಬರೂ ಬಟಾಣಿ ಬಿಡಿಸುತ್ತಾ ಕೂತಿದ್ದೆವು.

"ಆ ದಿನ ಬೆಳಿಗ್ಗೆ ನಂಗೋಸ್ಕರ ನೀನು ಪ್ರಾರ್ಥನೆ ಮಾಡಬೇಕು" ಅಂದರು ಅತ್ತೆ.

"ಇವರಿದ್ದಾರಲ್ಲ ಅತ್ತೆ."

"ಅವನು ದೇವರಿಗೇ ಭಾಷಣ ಮಾಡ್ತಾನೆ. ಆ ಹೊತ್ತಲ್ಲಿ ನಂಗೆ ಭಾಷಣ ಬೇಡ ಕಣೇ. ನಂಗೆ ಮೊದಲೇ ಎದೆ ನೋವು."

ನಾನು ನಕ್ಕೆ. ಅವರು ನಗಲಿಲ್ಲ.

"ನಂಗೆ ಅದೆಲ್ಲ ಬರಲ್ಲ" ಅಂದೆ.

"ಗೊತ್ತು. ಇಷ್ಟು ವರ್ಷದಿಂದ ಕಣ್ಣು ಬಿಟ್ಕೊಂಡೇ ಕೂತಿರ್ತೀಯ."

"ನಿಮಗೆ ಹೇಗೆ ಗೊತ್ತು?"

"ನಾನೂ ಬಿಟ್ಟಿರ್ತೀನಲ್ಲ, ಅದಕ್ಕೆ." ಒಂದು ಸಿಪ್ಪೆಯನ್ನು ಹೆಬ್ಬೆರಳಿನಿಂದ ಸೀಳಿ ಕಾಳುಗಳನ್ನು ಬಟ್ಟಲಿಗೆ ಉದುರಿಸಿದರು. "ನೀನು ಇಲ್ಲದ್ದನ್ನ ಹೇಳೋಳಲ್ಲ. ಒಂದೇ ಮಾತಾದ್ರೂ ಸರಿ, ನೀನು ಹೇಳಿದ್ರೆ ಅದನ್ನ ನಂಬಿ ಒಳಗೆ ಹೋಗಬಹುದು. ಅಷ್ಟೇ ನಾನು ಕೇಳ್ತಿರೋದು."

ಅಷ್ಟೇ ಅಂದರು. ಆ ಅಷ್ಟನ್ನು ಎಲ್ಲಿಂದ ತರುವುದು ಅಂತ ನನಗೆ ಹೊಳೆಯಲಿಲ್ಲ. ಇಲ್ಲದ್ದನ್ನು ಇದೆ ಅಂತ ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಆಗಲ್ಲ ಅಂದರೆ ಎದೆ ಸೀಳಿಸಿಕೊಳ್ಳಲು ಹೋಗುವವರನ್ನು ಬರಿಗೈಯಲ್ಲಿ ಕಳಿಸಿದ ಹಾಗೆ. ನೋಡೋಣ ಅತ್ತೆ ಅಂದು ಬಟ್ಟಲು ಎತ್ತಿಕೊಂಡು ಎದ್ದೆ.

ಮಾರನೆಯ ದಿನ ಅವರು ತಮ್ಮ ಬಟ್ಟೆಗಳ ಅಡಿಯಿಂದ ಒಂದು ಚಪ್ಪಟೆ ತಗಡಿನ ಡಬ್ಬಿ ತೆಗೆದುಕೊಟ್ಟರು. ಒಳಗೆ ಸಣ್ಣ ಕಪ್ಪು ಬೀಜಗಳು. ಮೊದಲಿದ್ದ ಬಾಡಿಗೆ ಮನೆಯ ಬೇಲಿಯ ಮೇಲೆ ನೀಲಿ ಹೂವಿನ ಬಳ್ಳಿಯೊಂದು ಹಬ್ಬಿತ್ತು, ನನಗೂ ನೆನಪಿದೆ. ಮಾವ ತೀರಿಕೊಳ್ಳುವ ಮೊದಲು ಅದರ ಕಾಯಿ ಒಡೆದು ತೆಗೆದಿಟ್ಟ ಬೀಜಗಳಂತೆ. ಹದಿನೇಳು ವರ್ಷದ ಹಿಂದಿನ ಮಾತು.

"ಜೀವ ಇದೆಯಾ ನೋಡು. ಇದ್ರೆ ಗೇಟಿನ ಹತ್ರ ಹಾಕೋಣ. ಇಲ್ಲದಿದ್ರೆ ನೇರವಾಗಿ ಹೇಳು, ಭಾನುವಾರದ ಮಾತು ಬೇಡ."

"ಇದನ್ನ ನೀವು ಶಕುನ ಗಿಕುನ ಅಂತ..."

"ಥೂ. ಬೀಜ ಕೊಟ್ಟು ದೇವರನ್ನ ಪರೀಕ್ಷೆಗೆ ಕೂರಿಸೋಕೆ ನಂಗೇನು ಬುದ್ಧಿ ಇಲ್ವಾ? ಡಬ್ಬಿ ಬೇಕಿತ್ತು, ಮಾತ್ರೆ ಹಾಕಿಡೋಕೆ."

ಗುರುವಾರ ಕಚೇರಿಯಲ್ಲಿ ಎಣಿಸಿದೆ. ಸರಿಯಾಗಿ ಐವತ್ತು. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಮೂಲೆಯಲ್ಲಿ ಮಾದರಿಯ ನಂಬರಿನ ಬದಲು ಪೆನ್ಸಿಲಿನಿಂದ 'ಮನೆ' ಅಂತ ಬರೆದು, ಪೆಟ್ಟಿಗೆಯ ಕೆಳಗಿನ ಅಂತಸ್ತಿನಲ್ಲಿ ಇಟ್ಟೆ. ಆ ಥರದ ಬಳ್ಳಿಗೆ ಹದಿನಾಲ್ಕು ದಿನ ಕೊಡುತ್ತೇವೆ. ಮೊದಲ ದಿನವೇ ನನ್ನ ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು ಅಂತ ಈಗ ಗೊತ್ತಾಗುತ್ತದೆ. ಹದಿನೇಳು ವರ್ಷ, ತಗಡಿನ ಡಬ್ಬಿ, ಬೀರುವಿನ ಸೆಕೆ.

ಆ ಎರಡು ವಾರ ಪ್ರಾರ್ಥನೆಯ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅತ್ತೆ ಆಸ್ಪತ್ರೆಗೆ ಒಯ್ಯುವ ಚೀಲ ತಾವೇ ಜೋಡಿಸಿಕೊಂಡರು. ನಾನು ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ವಾಕ್ಯ ಕಟ್ಟಿ ನೋಡುತ್ತಿದ್ದೆ. ದೇವರೇ ಅಂತ ಶುರು ಮಾಡಿದರೆ ಮುಂದಿನ ಪದ ಬರುತ್ತಿರಲಿಲ್ಲ. ಬಂದರೂ ಅದು ನಮ್ಮವರದ್ದು, ಇಲ್ಲವೇ ಪಾದ್ರಿಗಳದ್ದು.

ಹದಿನಾಲ್ಕನೆಯ ದಿನ ತಟ್ಟೆ ತೆಗೆದೆ. ಐವತ್ತೂ ಇಟ್ಟ ಹಾಗೇ ಇದ್ದವು, ಒಂದೂ ಮೊಳೆತಿರಲಿಲ್ಲ. ಎದುರಿಗೆ ಚಿಮಟ ಇತ್ತು. ಅವತ್ತು ಬೆಳಿಗ್ಗೆಯಿಂದ ಆರು ನೂರು ಬೀಜ ಒತ್ತಿ ನೋಡಿದ ಚಿಮಟ. ಇವನ್ನು ಮಾತ್ರ ಒತ್ತಲು ನನ್ನ ಕೈ ಹೋಗಲಿಲ್ಲ. ಮಾವ ಒಡೆದು ತೆಗೆದ ಬೀಜ ಕಣ್ಣೆದುರು ಹಿಸುಕಿ ರಸವಾಗುವುದನ್ನು ನೋಡುವುದು ಬೇಡವಾಗಿತ್ತೋ, ಗೊತ್ತೇ ಇರುವುದನ್ನು ಮತ್ತೆ ಯಾಕೆ ನೋಡಬೇಕು ಅನ್ನಿಸಿತೋ, ಎರಡೂ ಇರಬಹುದು. ಕಾರ್ಡಿನಲ್ಲಿ ಬರೆದೆ, ಸತ್ತ ಬೀಜ: 50. ಸಹಿ ಹಾಕಿದೆ. ತಟ್ಟೆಯನ್ನು ಕಸದ ಬಕೆಟ್ಟಿಗೆ ಮಗುಚಿದೆ. ಸಂಜೆ ನಾಲ್ಕಕ್ಕೆ ಆ ಬಕೆಟ್ಟನ್ನು ಕಟ್ಟಡದ ಹಿಂದೆ ಒಯ್ದು ಸುರಿಯುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಅತ್ತೆ, ಆ ಬೀಜ ಸತ್ತಿವೆ. ಒಂದೂ ಬರಲಿಲ್ಲ."

ನಮ್ಮವರು, "ಹೋಗ್ಲಿ ಬಿಡಮ್ಮ, ಅಂಗಡೀಲಿ ಬೇರೆ ಸಿಗುತ್ತೆ" ಅಂದರು.

"ಒತ್ತಿ ನೋಡಿದ್ಯಾ?" ಅಂದರು ಅತ್ತೆ.

ಇಷ್ಟು ವರ್ಷ ಇದೇ ಮೇಜಿನ ಮುಂದೆ ನಾನು ಕಚೇರಿಯ ವಿಷಯ ಹೇಳುತ್ತಿದ್ದಾಗ ಯಾರೂ ಕೇಳುತ್ತಿಲ್ಲ ಅಂದುಕೊಂಡಿದ್ದೆ.

"ಹೂಂ" ಅಂದೆ.

ಅವರು ತಲೆಯಾಡಿಸಿ ಊಟ ಮುಂದುವರಿಸಿದರು. ನಂಬಿದರು. ನಾನು ಇಲ್ಲದ್ದನ್ನು ಹೇಳುವವಳಲ್ಲವಲ್ಲ.

ಬಾಯಿಗೆ ಬಂದ ಪ್ರಾರ್ಥನೆಯನ್ನೆಲ್ಲ ಸುಳ್ಳು ಅಂತ ಎರಡು ವಾರದಿಂದ ತಳ್ಳುತ್ತಾ ಬಂದವಳು ನಾನು. ನನ್ನ ಹತ್ತಿರ ನಂಬಿಕೆ ಇಲ್ಲದಿದ್ದರೂ ನಿಜ ಇದೆ ಅನ್ನುವುದು ನನ್ನ ಜಂಬ. ಈಗ ಅದೂ ಹೋಯಿತು. ಅದೂ ಯಾರ ಹತ್ತಿರ, ಯಾವ ಹೊತ್ತಿನಲ್ಲಿ.

ಶುಕ್ರವಾರ ಅರ್ಧ ಗಂಟೆ ಮುಂಚೆ ಕಚೇರಿಗೆ ಹೋದೆ. ಬಕೆಟ್ ಖಾಲಿಯಾಗಿತ್ತು, ತೊಳೆದು ಬೋರಲು ಹಾಕಿದ್ದರು. ಹಿಂದಿನ ಬಾಗಿಲು ತೆಗೆದು ಹಿತ್ತಲಿಗೆ ಇಳಿದೆ. ಇಪ್ಪತ್ತಮೂರು ವರ್ಷದಲ್ಲಿ ಆ ಬಾಗಿಲು ದಾಟಿದ್ದು ಅದೇ ಮೊದಲು. ಸುರಿಯುವುದು ಬೇರೆಯವರ ಕೆಲಸ. ಎಣಿಸಿ ಮುಗಿದದ್ದರ ಹತ್ತಿರ ನನಗೇನು ಕೆಲಸ?

ಕಾಂಪೌಂಡ್ ಗೋಡೆಗೆ ಒರಗಿ ಎದೆ ಎತ್ತರದ ರಾಶಿ. ನಮ್ಮ ಕಂದು ಕಾಗದಗಳು ಒಂದರ ಮೇಲೊಂದು ಕೂತು, ಕೊಳೆತು, ಕಪ್ಪು ಮಣ್ಣಾಗಿದ್ದವು. ಅದರ ಮೇಲೆಲ್ಲ ಹಸಿರು. ಗೋಧಿ ತೆನೆ ಬಿಟ್ಟಿತ್ತು. ಹುರುಳಿಕಾಯಿ ಬಳ್ಳಿ ಮಳೆನೀರಿನ ಪೈಪು ಹಿಡಿದು ನಮ್ಮ ಕೋಣೆಯ ಕಿಟಕಿಯ ಮಟ್ಟಕ್ಕೆ ಏರಿತ್ತು. ಸಾಸಿವೆಯ ಹಳದಿ ಹೂವಿನ ಮೇಲೆ ಜೇನುನೊಣಗಳು. ಬಗ್ಗಿ ನೋಡಿದೆ. ಮೊದಲೆಲೆ ಎರಡರ ಬದಲು ಒಂದೇ ಇರುವ ಹುರುಳಿಕಾಯಿ ಸಸಿ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಅದನ್ನು ಊನ ಅಂತ ಬರೆಯುತ್ತೇವೆ. ಅಂಥದ್ದೊಂದು ಅಲ್ಲಿ ಆ ಒಂದು ಎಲೆಯನ್ನು ಇನ್ನೂ ಅಂಟಿಸಿಕೊಂಡೇ ಮೊಣಕಾಲುದ್ದ ಬೆಳೆದು ಮೊಗ್ಗು ಬಿಟ್ಟಿತ್ತು. ಒಂದು ಸುರುಳಿಯನ್ನು ಯಾರೋ ತಲೆಕೆಳಗಾಗಿ ಎಸೆದಿದ್ದರು. ಅದರೊಳಗಿನ ಬೇರುಗಳೆಲ್ಲ ಮೇಲಕ್ಕೆ ಹೊರಟು, ಅರ್ಧದಲ್ಲಿ ಬಾಗಿ, ಮಣ್ಣಿನ ಕಡೆ ತಿರುಗಿದ್ದವು. ಸತ್ತವು ಸತ್ತೇ ಇದ್ದವು, ಅದನ್ನೂ ಹೇಳಬೇಕು. ಅವು ಕೊಳೆತು ಆದ ಮಣ್ಣಿನಲ್ಲೇ ಉಳಿದವು ನಿಂತಿದ್ದವು.

ತಕ್ಕಡಿ ಅಣ್ಣ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದನ್ನು ಮಗುಚಿ ಅದರ ಮೇಲೆ ಟೀ ಲೋಟ ಹಿಡಿದು ಕೂತಿದ್ದರು. ದಿನಾ ಅಲ್ಲೇ ಕೂರುತ್ತಾರಂತೆ.

"ಅಂತೂ ಹಿತ್ತಲಿಗೆ ಬಂದ್ಯಲ್ಲಮ್ಮ. ಏನು ಕಳಕೊಂಡೆ?"

"ಐವತ್ತು ಬೀಜ. ಒತ್ತದೆ ಬರೆದುಬಿಟ್ಟೆ."

ಅವರು ಲೋಟ ಕೆಳಗಿಟ್ಟರು. "ನೀನಾ?"

"ನಾನೇ."

"ಸದ್ಯ. ನೀನೂ ಮನುಷ್ಯಳೇ ಅಂತಾಯ್ತು. ಹುಡುಕು, ನಿನ್ನೆಯದು ಆ ತುದೀಲಿ ಇರುತ್ತೆ."

"ಇದೆಲ್ಲ ಹೀಗೆ ಬೆಳೆಯುತ್ತೆ ಅಂತ ನೀವು ಒಂದು ದಿನಾನೂ ಹೇಳಲಿಲ್ವಲ್ಲ ಅಣ್ಣ."

"ಏನಂತ ಹೇಳ್ಲಿ? ನಿನ್ನ ಕಾರ್ಡು ತಪ್ಪಲ್ಲ. ಹತ್ತನೇ ದಿನಕ್ಕೆ ಅದು ಸರೀನೇ. ಇದು ಹನ್ನೊಂದನೇ ದಿನದಿಂದ ಮುಂದಿಂದು."

ನಾನು ಅಲ್ಲೇ ನಿಂತೆ. ಕಿಟಕಿಯ ಆಚೆ ನನ್ನ ಕುರ್ಚಿ ಕಾಣುತ್ತಿತ್ತು. ಆ ಕುರ್ಚಿಯಲ್ಲಿ ಕೂತು ನಾನು ಸಹಿ ಹಾಕಿ ಕಳಿಸಿದ ಮೇಲೆ ಇಲ್ಲಿ ಮಳೆ ಬಂದಿದೆ, ಬಿಸಿಲು ಕಾಯಿಸಿದೆ, ಚಳಿ ಸಿಪ್ಪೆ ಬಿರುಕು ಬಿಡಿಸಿದೆ. ಕೆಲಸ ಒಂದು ದಿನವೂ ನಿಂತಿಲ್ಲ. ನನ್ನನ್ನು ಯಾರೂ ಕೇಳಿಲ್ಲ. ಕಲ್ಲು ಮುಚ್ಚಿ ಮೊಹರು ಹಾಕಿದ ಯೇಸುವಿನ ಸಮಾಧಿಯ ಕಥೆ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಓದುವಾಗ ನನಗೆ ಆ ಮೊಹರು ಹಾಕಿದವರ ಬಗ್ಗೆ ಒಂದು ಥರದ ಸಹಾನುಭೂತಿ ಇರುತ್ತಿತ್ತು. ಅವರೂ ಕಂಡದ್ದನ್ನೇ ಬರೆದವರು. ಆ ದಿನದ ಮಟ್ಟಿಗೆ ಅವರ ಕಾರ್ಡು ಸರಿಯಾಗಿಯೇ ಇತ್ತು. ಮೂರನೆಯ ದಿನ ಬೆಳಿಗ್ಗೆ ಹೆಂಗಸರು ಬಂದು ನೋಡಿದಾಗ ಕಲ್ಲು ಪಕ್ಕಕ್ಕಿತ್ತು, ಸತ್ತವನು ಎದ್ದುಹೋಗಿದ್ದ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದು ನಡೆದ ವಿಷಯವಾಗಿರಬಹುದು ಅಂತ ನನ್ನ ಮೈಗೆ ತಟ್ಟಿದ್ದು ಆ ಗೋಧಿ ತೆನೆಗಳ ಮುಂದೆ, ಚಪ್ಪಲಿಗೆ ಕೆಸರು ಮೆತ್ತಿಕೊಂಡು ನಿಂತಾಗ. ಎದೆ ಉಬ್ಬಿ ಬರಲಿಲ್ಲ, ಕಣ್ಣೀರೂ ಬರಲಿಲ್ಲ. ಇಲ್ಲಿ ಕೆಲಸ ಮಾಡುವವನೊಬ್ಬ ಇದ್ದಾನೆ ಅನ್ನಿಸಿತು. ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿದೆ ಅನ್ನುವಷ್ಟು ಸಾಧಾರಣವಾಗಿ.

'ಮನೆ' ಅಂತ ಬರೆದ ಕಾಗದ ಸಿಕ್ಕಿತು. ಅದರ ಮಡಿಕೆಯಲ್ಲಿ ಅಂಟಿಕೊಂಡಿದ್ದು ಹನ್ನೊಂದು ಬೀಜ. ಉಳಿದವು ಉದುರಿ ರಾಶಿಯಲ್ಲಿ ಸೇರಿಹೋಗಿದ್ದವು. ಮೇಜಿಗೆ ತಂದು ಚಿಮಟದಿಂದ ಒಂದನ್ನು ಒತ್ತಿದೆ. ಅದು ಜಾರಿ ಹಾರಿ ತಕ್ಕಡಿ ಅಣ್ಣನ ಮೇಜಿನ ಮೇಲೆ ಬಿತ್ತು.

"ನನ್ನ ಮೇಲೆ ಯಾಕಮ್ಮ ಸಿಟ್ಟು?" ಅಂದರು ಅವರು.

ಹನ್ನೊಂದೂ ಗಟ್ಟಿ. ಬಡಗಿಗಳು ಬಳಸುವ ಉಪ್ಪು ಕಾಗದ ಡ್ರಾಯರಿನಲ್ಲಿತ್ತು. ಒಂದೊಂದರ ಬೆನ್ನನ್ನೂ ಬಿಳಿ ಕಾಣುವವರೆಗೆ ಮೆಲ್ಲಗೆ ಉಜ್ಜಿ, ಹೊಸ ಒದ್ದೆ ಕಾಗದದ ಮೇಲೆ ಇಟ್ಟು, ಪೆಟ್ಟಿಗೆ ಮುಚ್ಚಿದೆ. ಶನಿವಾರ, ಭಾನುವಾರ ಕಚೇರಿ ಇಲ್ಲ. ಸೋಮವಾರ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕು, ರಜೆ ಹಾಕಿದ್ದೆ. ಮಂಗಳವಾರದ ಒಳಗೆ ಆ ತಟ್ಟೆ ನೋಡುವ ದಾರಿ ಇರಲಿಲ್ಲ. ಮನೆಯಲ್ಲಿ ಮೂರು ದಿನವೂ ನೆಂಟರು, ಫೋನು, ಹಣ್ಣಿನ ಬುಟ್ಟಿಗಳು. ನಿಜ ಹೇಳಲು ಅತ್ತೆ ಒಂಟಿಯಾಗಿ ಸಿಗಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಧೈರ್ಯ ಸಾಲಲಿಲ್ಲ ಅನ್ನುವುದು ಹೆಚ್ಚು ಸರಿ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಅತ್ತೆಗೆ ಹಸಿರು ಗೌನು ತೊಡಿಸಿ, ತಲೆಗೆ ಟೋಪಿ ಹಾಕಿ, ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಹಲ್ಲಿನ ಸೆಟ್ಟು ತೆಗೆಸಿದ್ದರಿಂದ ಮುಖ ಚಿಕ್ಕದಾಗಿತ್ತು. ನಮ್ಮವರು ಯಾವುದೋ ಫಾರಂಗೆ ಸಹಿ ಹಾಕಲು ಕೆಳಗೆ ಹೋದರು. ಹೋಗುವ ಮೊದಲು ಐದು ನಿಮಿಷ ಪ್ರಾರ್ಥನೆ ಮಾಡಿದ್ದರು. ನರ್ಸು ಎರಡು ಸಲ ಕೆಮ್ಮಿದ್ದಳು.

"ಅತ್ತೆ, ನಾನು ಸುಳ್ಳು ಹೇಳಿದೆ. ಆ ಬೀಜಾನ ಒತ್ತಿ ನೋಡಿರಲಿಲ್ಲ."

ಅವರು ನನ್ನ ಕಡೆ ತಿರುಗಿದರು. "ಆಮೇಲೆ?"

"ಆಮೇಲೆ ಕಸದಲ್ಲಿ ಹುಡುಕಿ ತಂದೆ. ಹನ್ನೊಂದು ಸಿಕ್ತು. ಸತ್ತಿಲ್ಲ, ಗಟ್ಟಿಯಾಗಿವೆ. ಸಿಪ್ಪೆ ಉಜ್ಜಿ ಒದ್ದೆ ಕಾಗದದಲ್ಲಿ ಇಟ್ಟಿದ್ದೀನಿ. ಮೊಳೀತಾವೋ ಇಲ್ವೋ, ಗೊತ್ತಿಲ್ಲ."

"ನಿನ್ನನ್ನೂ ಇಷ್ಟು ವರ್ಷದಿಂದ ನೋಡ್ತಿದ್ದೀನಿ" ಅಂದರು ಅತ್ತೆ, ಹಲ್ಲಿಲ್ಲದ ಬಾಯಲ್ಲಿ ತೊದಲುತ್ತಾ. "ಸತ್ತಿದ್ದು ಯಾವುದು, ಗಟ್ಟಿ ಯಾವುದು ಅಂತ ನಂಗೆ ಗೊತ್ತಾಗಲ್ವಾ? ಹೂಂ, ಬೇಗ ಹೇಳು. ಅವನು ಬಂದ್ರೆ ಮತ್ತೆ ಶುರು ಮಾಡ್ತಾನೆ."

ಅವರ ಕೈ ಹಿಡಿದೆ, ತಣ್ಣಗಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಅವರೂ ಮುಚ್ಚಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಲೇ ಇದ್ದೆವು.

"ದೇವರೇ" ಅಂದೆ. ಮುಂದಿನ ಪದ ಈ ಸಲ ಬಂತು. "ನಾನು ನೋಡದೆ ಬರೆದುಬಿಟ್ಟಿದ್ದೆ. ನೀನು ಕೆಲಸ ನಿಲ್ಲಿಸಿರಲಿಲ್ಲ, ಅದನ್ನ ನಾನು ಕಣ್ಣಾರೆ ನೋಡಿದೆ. ಇವರು ನಂಗೆ ಬೇಕು. ವಾಪಸ್ ಕೊಡು ಅಂತ ಕೇಳ್ತಿದ್ದೀನಿ. ಏನಾಗುತ್ತೆ ಅಂತ ನಂಗೆ ಗೊತ್ತಿಲ್ಲ. ಇವರನ್ನ ನಿನ್ನ ಕೈಲಿ ಬಿಡ್ತೀನಿ, ಆ ಕೈಯನ್ನ ನಂಬ್ತೀನಿ. ಯೇಸುವಿನ ಹೆಸರಲ್ಲಿ ಕೇಳ್ತೀನಿ. ಆಮೆನ್."

"ಆಮೆನ್" ಅಂದರು ಅತ್ತೆ. "ನೋಡು, ಎಷ್ಟು ಚಿಕ್ಕದಾಗಿ ಮುಗೀತು" ಅಂದರು. ನರ್ಸು ಮಂಚದ ಬ್ರೇಕು ಬಿಡಿಸಿದಳು. ಗಾಲಿಗಳು ಕಿರುಗುಟ್ಟುತ್ತಾ ಹೋದವು. ದೊಡ್ಡ ಬಾಗಿಲು ಎರಡೂ ಕಡೆಯಿಂದ ಮುಚ್ಚಿಕೊಂಡಿತು.

ಹತ್ತೂಕಾಲಿಗೆ ತಕ್ಕಡಿ ಅಣ್ಣ ಫೋನ್ ಮಾಡಿದರು.

"ಪೆಟ್ಟಿಗೆ ಮುಂದೇನೇ ನಿಂತಿದ್ದೀನಿ. ನಿನ್ನ ತಟ್ಟೆ ತೆಗೆದು ನೋಡಿ ಹೇಳ್ಲಾ? ಒಳ್ಳೆ ಸುದ್ದಿ ಇದ್ರೆ ಈ ಹೊತ್ತಲ್ಲಿ ಬೇಕಾಗುತ್ತೆ."

ಬಾಗಿಲಿನ ಮೇಲಿನ ಕೆಂಪು ದೀಪ ನೋಡಿದೆ. "ಬೇಡ ಅಣ್ಣ. ಮುಚ್ಚೇ ಇರಲಿ."

"ಯಾಕಮ್ಮ, ಭಯಾನಾ?"

"ಭಯ ಇದೆ. ಆದ್ರೂ ಮುಚ್ಚೇ ಇರಲಿ."

"ಎಣಿಸಬೇಡ ಅಂತ ನಿನ್ನ ಬಾಯಲ್ಲಿ ಕೇಳೋಕೆ ನಾನು ನಿವೃತ್ತಿ ಹತ್ರ ಬರಬೇಕಾಯ್ತು ನೋಡು" ಅಂದು ಅವರು ಫೋನ್ ಇಟ್ಟರು.

ನಮ್ಮವರು ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ಅವರನ್ನು ಹಾಗೆ ನಾನು ನೋಡಿದ್ದೇ ಇಲ್ಲ. ಹತ್ತಿರ ಸರಿದು ಕೂತೆ.

ಎರಡು ಗಂಟೆಗೆ ಡಾಕ್ಟರು ಹೊರಗೆ ಬಂದರು. ಕವಾಟ ಕೂತಿದೆ, ಆದರೆ ಎರಡು ದಿನ ಕಳೆಯದೆ ಏನೂ ಹೇಳಲಾಗುವುದಿಲ್ಲ ಅಂದರು. ನಮ್ಮವರು ಮತ್ತೆ ಮತ್ತೆ ಕೇಳಿದರು, "ಅಂದ್ರೆ ಏನು ಡಾಕ್ಟ್ರೇ, ಅಂದ್ರೆ ಏನು?" ನಾನು ಅವರ ತೋಳು ಹಿಡಿದೆ. "ಅಂದ್ರೆ ಇನ್ನೂ ದಿನ ಇದೆ ಅಂತ" ಅಂದೆ.

ಗುರುವಾರ ಸಂಜೆ ಅತ್ತೆಯ ಮೂಗಿನ ನಳಿಕೆ ತೆಗೆದರು. ಮೊದಲು ಕೇಳಿದ್ದು ಹಲ್ಲಿನ ಸೆಟ್ಟು. ಆಮೇಲೆ ನನ್ನ ಕಡೆ ನೋಡಿ, "ಏನಾಯ್ತು?" ಅಂದರು. "ಇನ್ನೂ ನೋಡಿಲ್ಲ" ಅಂದೆ. ಅವರು ಹುಬ್ಬು ಏರಿಸಿದರು.

ಶುಕ್ರವಾರ ಕೆಲಸಕ್ಕೆ ಹೋಗಿ ತಟ್ಟೆ ತೆಗೆದೆ. ಏಳು ಬೀಜ ಬೇರು ಬಿಟ್ಟಿದ್ದವು. ಎರಡು ಊದಿಕೊಂಡಿದ್ದವು, ಇನ್ನೂ ಒಡೆದಿರಲಿಲ್ಲ. ಎರಡು ಇಟ್ಟ ಹಾಗೇ ಇದ್ದವು. ಏಳನ್ನು ಮಣ್ಣು ತುಂಬಿದ ಲೋಟಗಳಿಗೆ ಇಳಿಸಿ, ಉಳಿದ ನಾಲ್ಕನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ.

ಆಮೇಲೆ ಹಳೆಯ ಕಾರ್ಡು ತೆಗೆದೆ. ನಮ್ಮಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಕಾಣುವ ಹಾಗೆ ಬಿಟ್ಟು, ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಹಿ ಹಾಕಬೇಕು. ಸತ್ತ ಬೀಜ 50 ಅನ್ನುವುದರ ಮೇಲೆ ಗೆರೆ ಎಳೆದೆ. ಗಟ್ಟಿ ಬೀಜದ ಕಾಲಂನಲ್ಲಿ 11 ಅಂತ ಬರೆದೆ. ಮೂವತ್ತೊಂಬತ್ತು ಉಳಿಯಿತು. ಅವನ್ನು ನಾನು ಒತ್ತಿ ನೋಡಿಲ್ಲ, ಇನ್ನು ನೋಡಲೂ ಆಗುವುದಿಲ್ಲ. ಅವಕ್ಕೆ ಕಾರ್ಡಿನಲ್ಲಿ ಕಾಲಂ ಇಲ್ಲ. ಹೊರಗೆ ಬೆಳಗಿನಿಂದ ಸಣ್ಣ ಮಳೆ ಹಿಡಿದಿತ್ತು. ಅಂಚಿನಲ್ಲಿ ಬರೆದೆ: ಉಳಿದವು ಹಿತ್ತಲಲ್ಲಿವೆ.